ಎಲ್ಲರ ಹಿಂದೆ ಡಿರ್ಚೆ

ಡಿರ್ಚೆಗೆ ಜನರ ಮುಖ ನೆನಪಿರುತ್ತಿರಲಿಲ್ಲ, ಬೆನ್ನು ನೆನಪಿರುತ್ತಿತ್ತು. ವಾರವಿಡೀ ಜೊತೆಯಲ್ಲಿ ಸೈಕಲ್ ತುಳಿದ ಅತಿಥಿ ಕೊನೆಯ ದಿನ ಎದುರಿಗೆ ಬಂದು ಕೈ ಕುಲುಕಿದರೆ ಯಾರೋ ಏನೋ ಎಂಬಂತೆ ನೋಡುತ್ತಿದ್ದಳು. ಅವರು ತಿರುಗಿ ನಾಲ್ಕು ಹೆಜ್ಜೆ ಹೋದ ಮೇಲೆ, "ಓ, ಇವರಾ? ಎಡಗಾಲು ಹೊರಗೆ ಹಾಕಿ ತುಳೀತಾರಲ್ಲ, ಅವರು" ಎನ್ನುತ್ತಿದ್ದಳು. ಅವಳ ಕೆಲಸವೇ ಅಂಥದ್ದು. ಗುಂಪು ಎಷ್ಟು ನಿಧಾನವಾಗಿ ಹೋದರೂ ಅದಕ್ಕಿಂತ ನಿಧಾನವಾಗಿ, ಎಲ್ಲರ ಹಿಂದೆ, ಯಾರೂ ತಪ್ಪದಂತೆ ನೋಡಿಕೊಂಡು ಬರುವುದು.

ಗುಂಪನ್ನು ಕಟ್ಟಿದವನು ಅವಳ ಚಿಕ್ಕಪ್ಪನ ಮಗ ಎರ್ಮೆಸ್. ಇಟಲಿಯ ಪೋ ನದಿಯ ಏರಿಯ ಮೇಲಿನ ದಾರಿ ಅಂಗೈಯಂತೆ ಸಮ. ಆ ದಾರಿಯಲ್ಲಿ ಬೆಳಿಗ್ಗೆ ಸ್ವಲ್ಪ ತುಳಿಯುವುದು, ಮಧ್ಯಾಹ್ನ ಒಂದು ಸಣ್ಣ ಊರಲ್ಲಿ ಚೆನ್ನಾಗಿ ಉಣ್ಣುವುದು, ಮತ್ತೆ ಸ್ವಲ್ಪ ತುಳಿದು ಸಂಜೆ ಇನ್ನೊಂದು ಊರಲ್ಲಿ ಅದಕ್ಕಿಂತ ಚೆನ್ನಾಗಿ ಉಣ್ಣುವುದು. ಇದಕ್ಕೆ ಪಟ್ಟಣದವರು ರಜೆ ಹಾಕಿ ಬರುತ್ತಾರೆ ಎಂದು ಅವನು ಮೊದಲು ಹೇಳಿದಾಗ ನಮ್ಮೂರ ಬಾರಿನಲ್ಲಿ ದೊಡ್ಡ ನಗೆ ಎದ್ದಿತ್ತು. "ನಾವು ಬ್ರೆಡ್ ತರೋಕೆ ಸೈಕಲ್ ಹೊಡೀತೀವಿ. ಅವರು ಸೈಕಲ್ ಹೊಡೆಯೋಕೆ ದುಡ್ಡು ಕೊಡ್ತಾರಾ? ಹಾಗಾದ್ರೆ ಬಂದು ನಮ್ಮ ಹೊಲಾನೂ ಅಗೀಲಿ, ಬೇಡ ಅನ್ನಲ್ಲ." ಆದರೆ ಜನ ಬಂದರು. ಅವರ ಪೆಟ್ಟಿಗೆಗಳನ್ನು ವ್ಯಾನಿನಲ್ಲಿ ಹಾಕಿಕೊಂಡು ಮುಂದಿನ ಊರಿಗೆ ಮುಟ್ಟಿಸಲು ನನ್ನನ್ನು ಕರೆದ. ಹಿಂದೆ ಬರಲು ಡಿರ್ಚೆಯನ್ನು.

ಡಿರ್ಚೆ ಆಗಷ್ಟೇ ಕೆಲಸ ಕಳೆದುಕೊಂಡಿದ್ದಳು. ಹದಿನಾರನೆಯ ವಯಸ್ಸಿನಿಂದ ಸ್ವೆಟರಿನ ಕಾರ್ಖಾನೆಯಲ್ಲಿ ತೋಳು ಹೊಲಿದವಳು, ಕಾರ್ಖಾನೆ ಮುಚ್ಚಿತ್ತು. ಅವಳು ಹುಟ್ಟಾ ಚಿಂತೆಯ ಹೆಂಗಸು. ಗಂಡ ಗೀನೊ ಕಾಲುವೆಯ ಪಂಪುಮನೆ ಕಾಯುತ್ತಿದ್ದ. "ನಮ್ಮನೆ ಬಾಗಿಲಿಗೆ ಸಂತೋಷ ಬಂದ್ರೂ ಇವಳು ಅದರ ಹಿಂದೆ ಯಾರ್ ನಿಂತಿದ್ದಾರೆ ಅಂತ ಇಣುಕಿ ನೋಡ್ತಾಳೆ" ಎಂದು ಎಲ್ಲರೆದುರು ಹೇಳುತ್ತಿದ್ದ. ಅವಳು ಏಳು ವರ್ಷದವಳಿದ್ದಾಗ ದೊಡ್ಡ ನೆರೆ ಬಂದು ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಏರಿಯ ಮೇಲೆ ಹೊರಟಿದ್ದರಂತೆ. ಅಜ್ಜಿಯ ಮೇಕೆಯನ್ನು ಗಾಡಿಯ ಹಿಂದೆ ಕಟ್ಟಿದ್ದರು. ಊರು ಮುಟ್ಟಿದಾಗ ಹಗ್ಗ ಮಾತ್ರ ಇತ್ತು. ದಾರಿಯುದ್ದಕ್ಕೂ ಒಬ್ಬರೂ ಹಿಂದೆ ತಿರುಗಿ ನೋಡಿರಲಿಲ್ಲ. ಅದನ್ನು ಅವಳು ಒಮ್ಮೆ ಮಾತ್ರ ನನಗೆ ಹೇಳಿದ್ದಳು.

ನಾನು ಹೇಳಹೊರಟ ಅಕ್ಟೋಬರಿನಲ್ಲಿ ಇನ್ನೂ ಎಲ್ಲರ ಜೇಬಿಗೂ ಫೋನು ಬಂದಿರಲಿಲ್ಲ. ಆ ಸಲದ ಗುಂಪಿನಲ್ಲಿ ತೊರೀನೊ ನಗರದಿಂದ ಬಂದ ಹಿರಿಯ ದಂಪತಿ ಇದ್ದರು. ಅಮೆದೇಯೊ ಟ್ರಾಮ್ ಓಡಿಸಿ ನಿವೃತ್ತರಾದವರು, ಎತ್ತರದ ಆಳು, ಮಾತು ಕಡಿಮೆ. ಹೆಂಡತಿ ಕ್ಲೇಲಿಯಾ ಇಬ್ಬರ ಪಾಲಿನ ಮಾತನ್ನೂ ತಾವೇ ಆಡುತ್ತಿದ್ದರು. ಎರಡನೆಯ ದಿನ ಬೆಳಿಗ್ಗೆ ಡಿರ್ಚೆ ನನ್ನ ವ್ಯಾನಿನ ಹತ್ತಿರ ಬಂದಳು. ಮುಖ ಬಿಳುಚಿತ್ತು.

"ಸಿಲ್ವಾನೊ, ಆ ತೊರೀನೊದವರು ದಾರಿ ನೋಡಲ್ಲ ಕಣೋ."

"ಮತ್ತೇನು ನೋಡ್ತಾರೆ?"

"ಮುಂದಿನವರ ಚಕ್ರ. ಅದು ನಿಂತ್ರೆ ನಿಲ್ತಾರೆ, ಹೊರಟ್ರೆ ಹೊರಡ್ತಾರೆ. ಈಗ ಆ ಬೊಲೋನ್ಯಾದ ಡಾಕ್ಟ್ರಮ್ಮ ಪಾಪ, ಅವಸರಕ್ಕೆ ಸೈಕಲ್ ತಳ್ಕೊಂಡು ಪೊದೆ ಮರೆಗೆ ಹೋದ್ರೆ, ಇವರೂ ಹಿಂದೇನೇ ಹೊರಟ್ರು. ನಾನು ಓಡಿಹೋಗಿ ತಡೆದೆ."

ನನಗೆ ನಗು ಬಂತು. ಎರ್ಮೆಸ್‌ಗೂ ಬಂತು. "ಜೀವಮಾನ ಎಲ್ಲಾ ಹಳಿ ಮೇಲೆ ಹೋದವರು ಮಾರಾಯ್ತಿ. ತಿರುಗಿಸೋ ಅಭ್ಯಾಸ ಎಲ್ಲಿಂದ ಬರ್ಬೇಕು?" ಎಂದ. ಡಿರ್ಚೆ ನಗಲಿಲ್ಲ. ಧೈರ್ಯ ಮಾಡಿ ಕ್ಲೇಲಿಯಾ ಅವರನ್ನೇ ಕೇಳಿದಳು, ಯಜಮಾನರ ಆರೋಗ್ಯ ಹೇಗಿದೆ ಎಂದು. ಆಕೆಯ ಮುಖ ಗಂಟಾಯಿತು. "ನಮ್ಮವರು ಚೆನ್ನಾಗೇ ಇದ್ದಾರೆ. ನೀವು ನಿಮ್ಮ ಸೈಕಲ್ ನೋಡ್ಕೊಳ್ಳಿ" ಎಂದುಬಿಟ್ಟರು. ಆ ಹೊತ್ತೆಲ್ಲ ಡಿರ್ಚೆಯ ಕಿವಿ ಕೆಂಪಗೆ ಇತ್ತು.

ಮರುದಿನ ಮಧ್ಯಾಹ್ನದ ಊಟ ಇಯೊಲಾಂಡಾಳ ಹೋಟೆಲಿನಲ್ಲಿ. ಸಿಹಿಕುಂಬಳದ ಹೂರಣ ತುಂಬಿದ ತೊರ್ತೆಲ್ಲಿ ಕಡುಬು, ಮೇಲೆ ಕರಗಿದ ಬೆಣ್ಣೆ, ತುರಿದ ಚೀಸ್. ನೆಲಮಾಳಿಗೆಯಲ್ಲಿ ವರ್ಷಗಟ್ಟಲೆ ತೂಗಿ ಹಣ್ಣಾದ ಹಂದಿ ತೊಡೆಯ ಎಸಳು. ನೊರೆಯೇಳುವ ಕೆಂಪು ವೈನು. ಎಲ್ಲರ ಕೆನ್ನೆ ಹೊಳೆಯುತ್ತಿತ್ತು. ಅಮೆದೇಯೊ, "ಇದು ಕುಂಬಳಕಾಯಿನಾ?" ಎಂದು ಇಯೊಲಾಂಡಾಳನ್ನು ಕೇಳಿದರು. ಅವಳು ಹೌದೆಂದಳು. ಸ್ವಲ್ಪ ಹೊತ್ತಿಗೆ ಅದೇ ಸಂಭ್ರಮದಲ್ಲಿ ಮತ್ತೆ ಕೇಳಿದರು. ಅಡುಗೆ ಅಷ್ಟು ಹಿಡಿಸಿತೆಂದು ಅವಳು ಹಿಗ್ಗಿ ಇನ್ನಷ್ಟು ಬಡಿಸಿದಳು. ಕ್ಲೇಲಿಯಾ ಗಂಡನ ತೋಳಿನ ಮೇಲೆ ಕೈಯಿಟ್ಟರು. ಡಿರ್ಚೆಯ ತಟ್ಟೆ ಇಟ್ಟ ಹಾಗೇ ಇತ್ತು. ಅವಳು ಕಿಟಕಿಯಾಚೆ ನೋಡುತ್ತಿದ್ದಳು. ಇಗರ್ಜಿಯ ಗೋಪುರದ ತುದಿ ಆಗಲೇ ಕಾಣುತ್ತಿರಲಿಲ್ಲ.

"ಎರ್ಮೆಸ್, ಮಂಜು ಇಳೀತಿದೆ. ಅವರಿಬ್ಬರನ್ನ ವ್ಯಾನಲ್ಲಿ ಕಳ್ಸೋಣ."

"ಮಂಜು ನಮ್ಮೂರಿಗೆ ಹೊಸದಾ? ಸುಮ್ನೆ ಊಟ ಮಾಡು. ನಿನ್ನ ಮುಖ ನೋಡಿ ಅವರಿಗೆ ಅಜೀರ್ಣ ಆದೀತು."

ನಾನು ಪೆಟ್ಟಿಗೆಗಳ ಜೊತೆ ಮುಂದೆ ಹೋದೆ. ಹಿಂದೆ ನಡೆದದ್ದನ್ನು ಡಿರ್ಚೆ ಆಮೇಲೆ ಹೇಳಿದಳು.

ಏರಿಯಿಂದ ನದಿಯ ಕಡೆಗೆ ಒಂದು ಇಳಿಜಾರು ದಾರಿ ಕವಲೊಡೆಯುವಲ್ಲಿ ಕ್ಲೇಲಿಯಾ ಅವರ ಸೈಕಲ್ಲಿನ ಚೈನು ಬಿತ್ತು. ಆಕೆ ಗಂಡನಿಗೆ ನಿಲ್ಲಲು ಹೇಳಿದರು, ಅವರು ನಿಂತರು. ಡಿರ್ಚೆ ಇಳಿದು, ಬಗ್ಗಿ, ಚೈನನ್ನು ಹಲ್ಲಿಗೆ ಕೂರಿಸಿದಳು. ಕೈಗೆ ಹತ್ತಿದ ಗ್ರೀಸನ್ನು ಹುಲ್ಲಿಗೆ ಒರೆಸಿ ತಲೆ ಎತ್ತಿದಾಗ ಅಮೆದೇಯೊ ಅಲ್ಲಿರಲಿಲ್ಲ. ಮುಂದೆ ಹೋಗಿರಬೇಕು ಎಂದರು ಅಷ್ಟು ಹೊತ್ತು ಚೈನನ್ನೇ ನೋಡುತ್ತಿದ್ದ ಕ್ಲೇಲಿಯಾ. ಇಬ್ಬರೂ ಜೋರಾಗಿ ತುಳಿದರು. ಮುಂದಿನ ತಿರುವಿನಲ್ಲಿ ಗುಂಪಿನ ಜೊತೆ ಕಾದು ನಿಂತಿದ್ದ ಎರ್ಮೆಸ್, "ಅವರೆಲ್ಲಿ?" ಎಂದ.

ಕ್ಲೇಲಿಯಾ ರಸ್ತೆಯಂಚಿನ ಹುಲ್ಲಿನ ಮೇಲೆ ಕುಸಿದು ಕೂತರು. "ಹೋದ ಚಳಿಗಾಲದಿಂದ ಹೀಗೆ. ನಮ್ಮ ಬೀದಿನೇ ಗುರುತು ಸಿಗಲ್ಲ ಅವರಿಗೆ. ಹೇಳಿದ್ರೆ ನೀವು ಸೇರಿಸ್ಕೊಳ್ತಿರಲಿಲ್ಲ. ಸೈಕಲ್ ಮೇಲೆ ಕೂತಾಗ ಮಾತ್ರ ಅವರು ಮೊದಲಿನ ಹಾಗಿರ್ತಾರೆ. ಒಂದು ಸಲ, ಒಂದೇ ಒಂದು ಸಲ ಜೊತೆಗೆ ಬರೋಣ ಅನ್ನಿಸ್ತು."

ಎರ್ಮೆಸ್ ಹತ್ತಿರದ ಮನೆಯೊಂದಕ್ಕೆ ಓಡಿದ. ಅಲ್ಲಿಂದ ಪೊಲೀಸರಿಗೂ, ಮುಂದಿನ ಊರಿನ ಹೋಟೆಲಿನಲ್ಲಿದ್ದ ನನಗೂ ಫೋನು ಹೋಯಿತು. ನಾನು ವ್ಯಾನು ತಿರುಗಿಸಿ ಬರುವಾಗ ದೀಪದ ಬೆಳಕು ಮಂಜಿನ ಗೋಡೆಗೆ ಬಡಿದು ನನ್ನ ಕಣ್ಣಿಗೇ ವಾಪಸು ಬರುತ್ತಿತ್ತು. ಏರಿಯ ಎರಡೂ ಮಗ್ಗುಲಲ್ಲಿ ಹೆಸರು ಹಿಡಿದು ಕೂಗುವ ಸದ್ದು. ಯಾರು ಎಲ್ಲಿಂದ ಕೂಗುತ್ತಿದ್ದಾರೆಂದೇ ತಿಳಿಯುತ್ತಿರಲಿಲ್ಲ. ಒಬ್ಬ ಪೊಲೀಸಿನವನು ಡಿರ್ಚೆಯನ್ನು ವಿಚಾರಿಸುತ್ತಿದ್ದ.

"ನೋಡೋಕೆ ಹೇಗಿದ್ದಾರೆ?"

"ಬಲ ಭುಜ ಒಂಚೂರು ಕೆಳಗೆ. ಕತ್ತಿನ ಹಿಂದೆ ಕೂದಲು ಕತ್ತರಿಸಿದ ಗೆರೆ ಓರೆ ಆಗಿದೆ. ಮನೇಲೇ ಕತ್ತರಿಸಿರ್ಬೇಕು."

"ಮುಖ ಹೇಗಿದೆ ಅಮ್ಮಾ?"

"ಮುಖ ನಾನು ಸರಿಯಾಗಿ ನೋಡಿಲ್ಲ."

ಪೊಲೀಸಿನವನು ನನ್ನತ್ತ ನೋಡಿದ. ಕ್ಲೇಲಿಯಾ ಕೂತಲ್ಲಿಂದಲೇ, "ಹೌದು, ನಾನೇ ಕತ್ತರಿಸಿದ್ದು. ಅಂಗಡಿಯವನ ಹತ್ರ ಕೂರಲ್ಲ ಅಂತಾರೆ" ಎಂದು ಅಳತೊಡಗಿದರು.

ಡಿರ್ಚೆ ನನ್ನನ್ನು ಪಕ್ಕಕ್ಕೆ ಎಳೆದಳು. "ಸಿಲ್ವಾನೊ, ಅವರು ತಾವಾಗಿ ಎಲ್ಲಿಗೂ ಹೋಗೋರಲ್ಲ. ಯಾರದೋ ಹಿಂದೆ ಹೋಗಿದ್ದಾರೆ. ನಾನು ಚೈನ್ ಹಾಕ್ತಿದ್ದಾಗ ಒಂದು ಸೈಕಲ್ ದಾಟಿ ಹೋಯ್ತು. ತಲೆ ಎತ್ತಲಿಲ್ಲ. ಆದ್ರೆ ಹ್ಯಾಂಡಲ್‌ಗೆ ಬಕೆಟ್ ಬಡಿಯೋ ಸದ್ದು ಕೇಳಿಸ್ತು."

ಹ್ಯಾಂಡಲ್‌ಗೆ ಬಕೆಟ್ ನೇತುಹಾಕಿಕೊಂಡು ಓಡಾಡುವವನು ನಮ್ಮ ಕಡೆ ಒಬ್ಬನೇ, ಹಾವುಮೀನು ಹಿಡಿಯುವ ವಿಟ್ಟೋರಿನೊ. ಅವನ ದೋಣಿ ಇರುವುದು ಆ ಇಳಿಜಾರಿನ ಕೊನೆಯಲ್ಲಿ, ನದಿಯಲ್ಲಿ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಅವಳು ಸೈಕಲ್ ಹತ್ತಿದಳು. ನಾನು ಹಿಂದೆ ಓಡಿದೆ.

ಪೊಪ್ಲಾರ್ ತೋಪು ದಾಟಿದರೆ ನೀರಿಗಿಳಿಯುವ ಕಲ್ಲುಹಾಸು. ಮರಕ್ಕೊರಗಿಸಿದ ವಿಟ್ಟೋರಿನೊನ ಸೈಕಲ್ ಇತ್ತು. ದೋಣಿ ಇರಲಿಲ್ಲ. ಕಲ್ಲುಹಾಸಿನ ತುದಿಯಲ್ಲಿ ಅಮೆದೇಯೊ ಸೈಕಲ್ಲಿನ ಎರಡೂ ಕಡೆ ಕಾಲೂರಿ ನಿಂತಿದ್ದರು. ಮುಂದಿನ ಚಕ್ರ ನೀರಿನಲ್ಲಿತ್ತು. ಶೂಗಳ ಮೇಲೆ ಅಲೆ ಬಂದು ಹೋಗುತ್ತಿತ್ತು. ಅವರು ದೋಣಿ ಹೋದ ದಿಕ್ಕನ್ನೇ ನೋಡುತ್ತಿದ್ದರು. ಶರತ್ಕಾಲದ ಮಳೆಗೆ ಮೈದುಂಬಿದ್ದ ಪೋ, ಸದ್ದಿಲ್ಲದೆ, ಬಲು ಜೋರಾಗಿ ಹರಿಯುತ್ತಿತ್ತು.

ನಾನು ಕೂಗಲು ಬಾಯಿ ತೆರೆದೆ. ಡಿರ್ಚೆ ನನ್ನ ತೋಳು ಹಿಡಿದಳು. "ಕೂಗ್ಬೇಡ. ಕಲ್ಲು ಪಾಚಿ ಕಟ್ಟಿದೆ. ಬೆಚ್ಚಿಬಿದ್ರೆ ಹೋದ್ರು."

ಅವಳು ಸೈಕಲ್ ತಳ್ಳಿಕೊಂಡು ಅವರ ಪಕ್ಕಕ್ಕೆ ಹೋದಳು. ತಾನೂ ಪಾದ ಮುಳುಗುವಷ್ಟು ನೀರಿಗಿಳಿದು, ಅವರ ಮುಂದೆ ಸುತ್ತು ಹಾಕಿ, ದಡದ ಕಡೆ ತಿರುಗಿ ನಿಂತಳು. ಅವಳ ಚಕ್ರ ಅವರ ಕಣ್ಣೆದುರು ಬಂತು. ಅದು ತಿರುಗಿದಂತೆ ಅವರ ಹ್ಯಾಂಡಲೂ ನಿಧಾನಕ್ಕೆ ತಿರುಗಿತು.

"ಹೋಗೋಣ ಬನ್ನಿ" ಎಂದಳು ಡಿರ್ಚೆ, ಹಿಂದೆ ನೋಡದೆ.

"ಸಿಗ್ನಲ್ ಬೀಳಲೇ ಇಲ್ಲ, ಅದಕ್ಕೇ ನಿಂತೆ" ಎಂದರು ಅವರು.

"ಈಗ ಬಿತ್ತು."

ಇಬ್ಬರೂ ಮಂಜಿನಲ್ಲಿ ಮರೆಯಾದರು. ಕಾಲ್ನಡಿಗೆಯವನು ನಾನು, ಹಿಂದುಳಿದೆ. ಆ ಹಾದಿಯಷ್ಟು ಉದ್ದದ ಹಾದಿಯನ್ನು ತಾನು ಜನ್ಮದಲ್ಲಿ ತುಳಿದಿಲ್ಲ ಎಂದು ಅವಳು ಹೇಳುತ್ತಿದ್ದಳು. ಬೆನ್ನ ಹಿಂದೆ ಒಬ್ಬರಿದ್ದಾರೆ, ಅವರನ್ನು ನೋಡುವಂತಿಲ್ಲ. ತಿರುಗಿದರೆ ತನ್ನ ಚಕ್ರ ಓಲಾಡುತ್ತದೆ, ಓಲಾಡಿದರೆ ಅವರದೂ. ನದಿ ಇನ್ನೂ ಹತ್ತಿರವೇ ಇದೆ. ಅವರ ಪೆಡಲಿನ ಕಿರುಗುಟ್ಟುವಿಕೆಗೆ ಕಿವಿಗೊಟ್ಟು ತುಳಿದಳು. ಏರಿಯ ಚಡಾವು ಶುರುವಾದಲ್ಲಿ ಆ ಸದ್ದು ನಿಂತುಹೋಯಿತು. "ಎದೆ ಅಲ್ಲೇ ಒಡೀತು ಅಂದ್ಕೊಂಡೆ ಸಿಲ್ವಾನೊ. ಆಮೇಲೆ ಶೂ ಸದ್ದು ಕೇಳಿಸ್ತು, ಪಚಪಚ ಅಂತ. ಇಳಿದು ತಳ್ಕೊಂಡು ಬರ್ತಿದ್ರು." ಅವಳೂ ಇಳಿದು ತಳ್ಳಿದಳು.

ಮೇಲೆ ಕ್ಲೇಲಿಯಾ ಕಾದಿದ್ದರು. ಆಕೆ ಗಂಡನನ್ನು ತಬ್ಬಲಿಲ್ಲ, ಬೈಯಲೂ ಇಲ್ಲ. ಅವರ ಕೋಟಿನ ಗುಂಡಿಗಳನ್ನು ಒಂದೊಂದಾಗಿ ಹಾಕಿ, "ಶೂ ಒದ್ದೆ ಮಾಡ್ಕೊಂಡಿದ್ದೀರಾ" ಎಂದರು. ಆಮೇಲೆ ಡಿರ್ಚೆಯ ಗ್ರೀಸು ಮೆತ್ತಿದ ಕೈ ಹಿಡಿದು ಬಹಳ ಹೊತ್ತು ಬಿಡಲಿಲ್ಲ.

ಆ ಸಂಜೆ ಎರ್ಮೆಸ್, ನಾಳೆ ಬೆಳಿಗ್ಗೆಯೇ ಇಬ್ಬರನ್ನೂ ರೈಲು ಹತ್ತಿಸುತ್ತೇನೆ ಎಂದ. ಅವನ ಮಾತಿಗೆ ಯಾವತ್ತೂ ಎದುರಾಡದ ಡಿರ್ಚೆ, "ಬೇಡ" ಎಂದಳು.

"ಏನು ಬೇಡ? ಮತ್ತೆ ಹೀಗಾದ್ರೆ?"

"ನಾಳೆಯಿಂದ ನಾನು ಮುಂದೆ ಹೋಗ್ತೀನಿ. ನನ್ನ ಹಿಂದೆ ಅವರು, ಅವರ ಹಿಂದೆ ಸಿನ್ಯೋರಾ ಕ್ಲೇಲಿಯಾ. ನೀನು ಎಲ್ಲರ ಹಿಂದೆ ಬಾ."

"ನಾನಾ? ಹಿಂದೆನಾ?"

"ಯಾಕೆ, ಬರಲ್ವಾ?"

ಉಳಿದ ದಿನಗಳು ಹಾಗೆಯೇ ಕಳೆದವು. ಡಿರ್ಚೆಯ ಕತ್ತು ಮರಗಟ್ಟಿತ್ತು. ಊಟದ ಹೊತ್ತಿಗೆ ಎರಡು ತುತ್ತು ಇಳಿದರೆ ಹೆಚ್ಚು. ಅಮೆದೇಯೊ ಅವಳ ಬೆನ್ನ ಹಿಂದೆ ನೆಮ್ಮದಿಯಾಗಿ ತುಳಿದರು, ಪ್ರತಿ ಊರಲ್ಲೂ ಎರಡೆರಡು ತಟ್ಟೆ ಉಂಡರು. ಎರ್ಮೆಸ್ ಮೂರೇ ದಿನಕ್ಕೆ ಸೋತ. "ಈ ಕೆಲಸ ಅದು ಹೇಗೆ ಮಾಡ್ತೀಯೇ? ಯಾರಾದ್ರೂ ಮೂಗೊರೆಸೋಕೆ ನಿಂತ್ರೂ ಎದೆ ಧಸಕ್ಕಂತದೆ" ಎಂದ. ಅವಳ ಚಿಂತೆಯನ್ನು ಅವನು ಆಮೇಲೆ ಲೇವಡಿ ಮಾಡಿದ್ದನ್ನು ನಾನು ಕೇಳಲಿಲ್ಲ.

ಮುಂದಿನ ವರ್ಷವೂ ಗಂಡಹೆಂಡಿರು ಬಂದರು. ಅಮೆದೇಯೊಗೆ ಸೈಕಲ್ ಆಗುತ್ತಿರಲಿಲ್ಲ. ನನ್ನ ಪಕ್ಕದಲ್ಲಿ ವ್ಯಾನಿನಲ್ಲಿ ಕೂತು ಊರೂರಿಗೆ ಬಂದರು. ಅದರಾಚೆಯ ವರ್ಷ ಕ್ಲೇಲಿಯಾ ಒಬ್ಬರೇ ಬಂದಿಳಿದರು. ಗಂಡನನ್ನು ವೃದ್ಧರ ಆಶ್ರಮಕ್ಕೆ ಸೇರಿಸಬೇಕಾಯಿತು, ಈಗ ಹೆಂಡತಿಯನ್ನೂ ಗುರುತಿಸುವುದಿಲ್ಲ ಎಂದರು. ಅಳಲಿಲ್ಲ.

ಇಯೊಲಾಂಡಾಳಲ್ಲಿ ಊಟಕ್ಕೆ ಕೂತಾಗ ಡಿರ್ಚೆಯನ್ನು ಪಕ್ಕದಲ್ಲೇ ಕೂರಿಸಿಕೊಂಡರು. "ನಿಮ್ಮ ಭಯ ಹೋಯ್ತಾ?" ಎಂದು ಕೇಳಿದರು.

"ಇಲ್ಲ ಸಿನ್ಯೋರಾ. ನಿಮ್ಮದು?"

"ನನಗೀಗ ಭಯ ಪಡೋಕೆ ಯಾರೂ ಉಳಿದಿಲ್ಲ. ಅದೇ ಕಷ್ಟ ನೋಡಿ."

ಡಿರ್ಚೆ ಆಕೆಯ ಲೋಟಕ್ಕೆ ವೈನು ಸುರಿದು ಕಿಟಕಿಯತ್ತ ನೋಡಿದಳು. "ಬೇಗ ಹೊರಡೋಣ. ತಡ ಆದ್ರೆ ಮಂಜು ಇಳಿಯುತ್ತೆ."

"ಇಳೀಲಿ ಬಿಡಿ" ಎಂದ ಕ್ಲೇಲಿಯಾ ಇಯೊಲಾಂಡಾಳನ್ನು ಕರೆದು, ಇನ್ನೊಂದು ತಟ್ಟೆ ತೊರ್ತೆಲ್ಲಿಗೆ ಹೇಳಿ, ಅದನ್ನು ಡಿರ್ಚೆಯ ಮುಂದೆ ಇಡಿಸಿದರು. ಅವಳು ಅದನ್ನು ಕೊನೆಯ ತುಣುಕಿನವರೆಗೂ ತಿನ್ನುವ ತನಕ ಆಕೆ ಮೇಲೇಳಲಿಲ್ಲ.