ತಂಗಿಯ ಮುಖ ತಡೆದ ಪಟ್ಟಿ

ವಿಜಯಪುರದಲ್ಲಿರುವ ನನ್ನ ತಂಗಿಗೆ ಕಿವಿ ಕೇಳಿಸುವುದಿಲ್ಲ, ಓದುಬರಹವೂ ಬಾರದು. ದಿನಾ ಮಧ್ಯಾಹ್ನ ಮೊಬೈಲಿನ ವಿಡಿಯೋದಲ್ಲಿ ತುಟಿ ತೋರಿಸಿ, ಕೈ ಆಡಿಸಿ ಮಾತಾಡುತ್ತೇವೆ. ಮೊಮ್ಮಕ್ಕಳೇ, ಆ ಮುಖ ಎರಡು ತಿಂಗಳು ಕಾಣದೇ ಹೋದದ್ದು ಹೇಗೆಂದು ಬರೆದಿಡುತ್ತೇನೆ. ಬಾಯಲ್ಲಿ ಹೇಳಲು ನನಗೆ ಸಂಕೋಚ.

ಮನೆಗೆ ವೈಫೈ ಹಾಕಿದವನು ನನ್ನ ಮೈದುನ. ನಮ್ಮೂರು ಜತ್ತದ ಅಂಗಡಿ, ಕಚೇರಿಗಳಿಗೆ ಅದನ್ನು ಜೋಡಿಸುವುದೇ ಅವನ ಕೆಲಸ. ನಾನು ಈ ಮನೆಗೆ ಬಂದಾಗ ಅವನಿಗೆ ಆರು ವರ್ಷ. ನನ್ನ ಕೈತುತ್ತು ತಿಂದು ಬೆಳೆದವನು. ತಂಗಿಗೆ ಕರೆ ಹೋಗುತ್ತಿಲ್ಲವೆಂದು ಅವನಿಗೇ ಮೊಬೈಲ್ ತೋರಿಸಿದೆ.

"ಮೊಬೈಲ್ ಚಲೋ ಐತ್ರಿ ವೈನಿ. ಅಕೀನ ಎತ್ತವಲ್ಲಳು. ಸಿಟ್ಟಾಗಿರಬೇಕು."

ನಂಬಿದೆ. ಅದೇ ಮೊಬೈಲಿನಲ್ಲಿ ನಾನು ಕೇಳುವ ಭಜನೆಗಳು ಎಂದಿನಂತೆ ಬರುತ್ತಿದ್ದವಲ್ಲ! ಅವನ ಮಗನಿಗೆ ತಂಗಿ ತನ್ನ ಮಗಳನ್ನು ಕೊಡಲು ಒಪ್ಪಿರಲಿಲ್ಲ. ಕೇಳಲು ಹೋದವಳು ನಾನೇ, ಅದಕ್ಕೇ ಮುನಿದಳೆಂದುಕೊಂಡೆ. ಬೇರೆ ಯಾರನ್ನೂ ಕೇಳಲಿಲ್ಲ.

ದೀಪಾವಳಿ ರಜೆಗೆ ನಿಮ್ಮಲ್ಲಿ ದೊಡ್ಡವಳು ಬಂದಳು. ಕಾಲೇಜಿನಲ್ಲಿ ಕಂಪ್ಯೂಟರ್ ಓದುವವಳು, ವೈಫೈ ಡಬ್ಬಿಯ ಒಳಗಿನದನ್ನು ತನ್ನ ಮೊಬೈಲಿನಲ್ಲಿ ತೆರೆದು ನೋಡಿದಳು.

"ಆಯಿ, ಯಾರನ್ನ ಬಿಡಬೇಕು, ಯಾರನ್ನ ತಡೀಬೇಕು ಅಂತ ಇದರಾಗ ಪಟ್ಟಿ ಇರತೈತಿ. ಎರಡು ನಮೂನಿ. ಒಂದು, ಬರೇ ಯಾರು ಬಂದ್ರು ಅಂತ ನೋಡತೈತಿ."

"ಕುರಿಹಟ್ಟಿ ಬಾಗಿಲದಾಗ ಕಿವಿ ಗುರ್ತು ನೋಡಿ ಬಿಟ್ಟಂಗ?"

"ಹೌದು. ಇನ್ನೊಂದು, ಯಾರು, ಎಲ್ಲಿಗಿ, ಏನ್ ಕೆಲಸಕ್ಕ, ಎಲ್ಲಾ ಕೇಳತೈತಿ."

"ನಿಮ್ಮ ಮುತ್ಯಾ ಕಟ್ಟಿ ಮ್ಯಾಲ ಕುಂತು ಕೇಳತಿದ್ದಂಗ."

"ಮುತ್ಯಾನಂಗ ಬೈಯೂದಿಲ್ಲ, ಅಷ್ಟ," ಎಂದು ನಕ್ಕವಳು ಮೊಬೈಲನ್ನು ಕಣ್ಣಿನ ಹತ್ತಿರ ಹಿಡಿದಳು. "ಇದು ಎರಡನೇ ನಮೂನಿ. ಡಬ್ಬಿ ಇದನ್ನ ಮ್ಯಾಲಿಂದ ಓದಕೋತ ಬರತೈತಿ, ಮೊದಲು ಹೊಂದಿದ ಸಾಲಿನ ಮಾತೇ ನಡೀತೈತಿ. ನಿನ್ನ ಸಾಲು ಎಲ್ಲಾಕ್ಕಿಂತ ಮ್ಯಾಲ ಐತಿ. ಈ ಮೊಬೈಲಿಂದ ವಿಡಿಯೋ ಕರೆ ಬಂದ್."

"ತಪ್ಪಿ ಬಿದ್ದಿರಬೇಕು," ಎಂದೆ.

"ಮೊದಲನೇ ನಮೂನಿ ಆಗಿದ್ರ ಹಂಗ ಅನಬಹುದಿತ್ತು. ಆವಾಗ ಭಜನಿನೂ ಬರತಿರಲಿಲ್ಲ. ಇದನ್ನ ಕುಂತು ವಿಚಾರ ಮಾಡಿ ಬರದಾರ. ಅಳಸ್ಲೇನು?"

ಭಜನೆಯನ್ನು ತಡೆಯದೆ ಬಿಟ್ಟದ್ದು ನನಗೆ ಸಂಶಯ ಬಾರದಿರಲೆಂದು.

"ಬ್ಯಾಡ. ಬರದಾವನ ಅಳಸಲಿ."

ವೈಫೈ ಇಲ್ಲದೆ ಸಿಗ್ನಲ್ ಸಿಗುವುದು ಮಾಳಿಗೆಯ ಮೇಲೆ ಮಾತ್ರ; ಅಲ್ಲಿಗೆ ಹತ್ತಿ ಅವಳ ಮೊಬೈಲಿನಿಂದ ಕರೆ ಮಾಡಿದೆವು. ತಂಗಿ ಕಣ್ಣೊರೆಸಿಕೊಂಡು, ತುಟಿಯಲ್ಲೇ ಕೇಳಿದಳು: "ಬದುಕಿದೀಯೇನು?"

ಸಂಜೆ ಮೈದುನನ ಮುಂದೆ ಅವಳ ಮೊಬೈಲಿನಲ್ಲಿ ಆ ಪಟ್ಟಿಯನ್ನು ಹಿಡಿದೆ. "ನಿಮ್ಮ ತಂಗಿ ಹೆಣ್ಣ ಕೊಡಂಗಿಲ್ಲ ಅಂದು ನಾಕ್ ಮಂದ್ಯಾಗ ನನ್ನ ಮಾನಾ ಕಳದಳಲ್ರಿ, ವೈನಿ," ಎನ್ನುತ್ತ ತಲೆ ತಗ್ಗಿಸಿ ಅಳಿಸಿದ.

ಅವನಿಗೆ ಈಗಲೂ ನಾನೇ ಊಟ ಬಡಿಸುತ್ತೇನೆ. ತಂಗಿಯ ಜೊತೆ ಮಾತಾಡಲು ಮಾತ್ರ ಅವನ ವೈಫೈ ಬಿಟ್ಟು, ನನ್ನದೇ ರಿಚಾರ್ಜ್ ಹಾಕಿಸಿಕೊಂಡು, ಮೊಣಕಾಲು ನೋಯುತ್ತಿದ್ದರೂ ಮಾಳಿಗೆ ಹತ್ತುತ್ತೇನೆ.