ಏಳನೆಯವನು ಬಂದಿದ್ದ

ಬೀರಮ್ಮ ಹಾಡುವಾಗ ಬೆರಳು ಮಡಚುತ್ತಿದ್ದಳು. ಹಾಡಿನಲ್ಲಿ ಯಾರಾದರೂ ಮನೆ ಬಿಟ್ಟು ಹೊರಟರೆ ಒಂದು ಬೆರಳು ಒಳಗೆ, ಅವರು ಮರಳಿ ಬಾಗಿಲಿಗೆ ಬಂದರೆ ಅದೇ ಬೆರಳು ಹೊರಗೆ. ಹಾಡಿನಲ್ಲಿ ಹೊರಗೆ ಕಳಿಸಿದವರನ್ನು ಮನೆ ಸೇರಿಸದೆ ಎದ್ದೇಳಬಾರದೆಂಬುದು ನಮ್ಮೂರು ಬಾಡದಲ್ಲಿ ಹಾಡು ಎತ್ತಿಕೊಡುವ ಹೆಂಗಸರ ನೇಮ. ಉಳಿದವರು ಅವಸರವಿದ್ದರೆ ಅದನ್ನು ಮರೆತಂತೆ ಮಾಡುತ್ತಿದ್ದರು. ಬೀರಮ್ಮ ಮರೆಯುವವಳಲ್ಲ. ಒಮ್ಮೆ ಮಂಕಿ ಎಂಬ ಊರಿನ ಮದುವೆಯಲ್ಲಿ ದಿಬ್ಬಣದ ಬಸ್ಸು ಹಾರ್ನ್ ಹೊಡೆದೂ ಹೊಡೆದೂ ಸುಸ್ತಾಗಿತ್ತು. ‘ಸಾಕೇ, ಏಳು’ ಎಂದವರಿಗೆ ಅವಳು ‘ಇಬ್ರು ಇನ್ನೂ ಕಾಡಲ್ಲೇ ಅವ್ರೆ. ಅವ್ರನ್ನ ಅಲ್ಲೇ ಬಿಟ್ಟು ಬಸ್ಸು ಹತ್ತೂಕೆ ಆತದ?’ ಎಂದು ಹಾಡು ಮುಂದುವರಿಸಿದಳು.

ನಾನು ಆಗ ಕುಮಟಾದ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಗೆಲ್ಲುತ್ತಿದ್ದವನು. ದೆವ್ವದಿಂದ ಹಿಡಿದು ನಾಟಿ ಮದ್ದಿನವರೆಗೆ ಎಲ್ಲಕ್ಕೂ ಸಾಕ್ಷಿ ಕೇಳುತ್ತಿದ್ದೆ. ನೆರೆಮನೆಯ ಬೀರಮ್ಮನಿಗೆ ಇದು ದೊಡ್ಡ ತಮಾಷೆ. ‘ತಮಾ, ನೀ ಹುಟ್ಟಿದ್ದಕ್ಕೆ ಸಾಕ್ಷಿ ಕೇಳೂದೊಂದು ಬಾಕಿ. ಬೇಕಾರೆ ಕೇಳು, ಹೊಕ್ಕುಳ ಕೊಯ್ದವ್ಳು ನಾನೇಯ’ ಎನ್ನುತ್ತಿದ್ದಳು.

ಅವಳ ಹಾಡುಗಳಲ್ಲಿ ದೊಡ್ಡದು ಚಪ್ಪರದ ಹಾಡು. ತಂಗಿಯ ಮದುವೆಗೆ ಕಂಬ ತರಲು ಏಳು ಅಣ್ಣಂದಿರು ಕಾಡಿಗೆ ಹೋಗುತ್ತಾರೆ, ಒಬ್ಬೊಬ್ಬರಾಗಿ ಕಂಬ ಹೊತ್ತು ಮರಳುತ್ತಾರೆ. ಕತೆ ಅಷ್ಟೇ. ಸುತ್ತಲಿನ ಊರುಗಳಲ್ಲಿ ಅವಳ ಆ ಹಾಡಿಲ್ಲದೆ ಚಪ್ಪರ ಏಳುತ್ತಿರಲಿಲ್ಲ.

ಒಂದು ವರ್ಷ ನಮ್ಮೂರಿನ ಮಂಕಾಳಿಯ ಅಳಿಯ, ಮದುವೆಯಾಗಿ ತಿಂಗಳು ತುಂಬುವ ಮೊದಲೇ ಜ್ವರದಲ್ಲಿ ಹೋದ. ಹದಿಮೂರನೆಯ ದಿನ ಕಳೆದ ಮೇಲೆ ಮಂಕಾಳಿ ಬಾವಿಕಟ್ಟೆಯಲ್ಲಿ ಕೊಡ ಇಳಿಸಿ, ‘ಆ ಹಾಡಲ್ಲಿ ಒಬ್ಬ ಬರೂದೇ ಇಲ್ಲ. ಅದನ್ನ ನನ್ನ ಮಗ್ಳ ಚಪ್ಪರದಲ್ಲಿ ಹಾಡಿದ್ಲು’ ಎಂದಳು. ಆಮೇಲೆ ಒಂದು ವಾರದಲ್ಲಿ ಊರಿಗೆಲ್ಲ ನೆನಪಾಯಿತು. ‘ಆರು ಮಂದಿ ಬಂದರೋ ಬಾಗಿಲಿಗೆ, ಏಳನೆಯವನ ಕೊಡಲಿಯೊಂದೇ ಬಂತೋ.’ ಇಷ್ಟು ವರ್ಷ ಇದನ್ನು ಮದುವೆಯಲ್ಲಿ ಕೇಳಿಸಿಕೊಂಡು ಹೇಗೆ ಸುಮ್ಮನಿದ್ದೆವು ಎಂದು ಹೆಂಗಸರು ಬೆಚ್ಚಿದರು.

ಬೀರಮ್ಮ ಮೊದಲು ನಕ್ಕಳು. ‘ಎಂತ ಕೊಡ್ಲಿಯೇ ಮಾರಾಯ್ತಿ? ಆರೂ ಜನರ ಹೆಗಲ ಮೇಲೆ ಕಂಬ ಇತ್ತು. ಕೊಡ್ಲಿ ಹೊತ್ತು ತಂದವ ಯಾರು ಹಂಗಾರೆ?’ ನಮ್ಮ ಕಾಲೇಜಿನ ಯಾವ ಭಾಷಣಕಾರನೂ ಇದಕ್ಕಿಂತ ಚೊಕ್ಕವಾಗಿ ಕೇಳಲಾರ. ಆದರೆ ಆಮೇಲೆ ಯಾರೂ ಅವಳನ್ನು ಚಪ್ಪರಕ್ಕೆ ಕರೆಯಲಿಲ್ಲ. ಅವಳು ಎದುರು ಬಂದರೆ ಬಸುರಿಯರು ದಾರಿ ಬದಲಿಸತೊಡಗಿದರು.

ಚೈತ್ರದಲ್ಲಿ ಅವಳ ಮೊಮ್ಮಗಳು ನಾಗಿಯ ಮದುವೆ ನಿಶ್ಚಯವಾಗಿತ್ತು. ಗಂಡಿನ ಮನೆ ಶಿರಾಲಿ. ಅಜ್ಜಿ ಹಾಡಿಗೆ ಕೂತರೆ ದಿಬ್ಬಣ ಬಾರದೆಂದು ಅಲ್ಲಿಂದ ಮಾತು ಬಂತು. ಬೀರಮ್ಮ ಆ ದಿನ ನನ್ನನ್ನು ಕರೆದು, ‘ಊರವ್ರು ಕರೆಯದಿದ್ರೆ ಬಿಡು. ನಾಗಿ ಚಪ್ಪರದಲ್ಲಿ ನಾ ಹಾಡ್ಬೇಕು. ನಿಂಗೆ ಮಾತು ಬತ್ತದಲ್ಲ, ಹೋಗಿ ಹೇಳು’ ಎಂದಳು.

ಹೋದೆ. ಶಿರಾಲಿಯ ಬೀಗರು ನನ್ನನ್ನು ಕೂರಿಸಿ ಎಳನೀರು ಕೊಟ್ಟು, ಮಂಕಿಯ ಮದುವೆಯಲ್ಲಿ ತಾವೇ ಕೇಳಿದ್ದೆಂದರು. ‘ಕೊಡ್ಲಿ ಬಂತು ಅಂಬಾಗ ಅವ್ಳ ಗಂಟ್ಲು ಕಟ್ಟಿತ್ತು ತಮಾ. ನಾ ಎದ್ರಿಗೇ ಕೂತಿದ್ದೆ.’ ಬರುವಾಗ ಮಂಕಿಯಲ್ಲಿ ಇಳಿದು ಆ ಮದುವೆಯ ಮನೆಯಲ್ಲಿ ವಿಚಾರಿಸಿದೆ. ಅಲ್ಲಿಯೂ ಅದೇ ಸಾಲು, ಅಕ್ಷರ ವ್ಯತ್ಯಾಸವಿಲ್ಲ. ಬೇರೆ ಬೇರೆ ಮೂರು ಊರುಗಳ ಸಾಕ್ಷಿ ಒಂದೇ ಆಗಿದ್ದರೆ ವಾದದಲ್ಲಿ ಅದನ್ನು ಸತ್ಯವೆನ್ನುತ್ತಾರೆ. ಬಸ್ಸಿನಲ್ಲಿ ಕೂತಾಗ ಇನ್ನೊಂದು ಗೊತ್ತಾಯಿತು. ನನಗೂ ಕೇಳಿಸುತ್ತಿತ್ತು. ಬೀರಮ್ಮನ ದನಿಯಲ್ಲಿ, ‘ಕೊಡಲಿಯೊಂದೇ’ ಎಂಬಲ್ಲಿ ಚೂರು ನಡುಗಿ.

ಮನೆಗೆ ಬಂದವನೇ ಹಳೆಯ ಪೆಟ್ಟಿಗೆ ಹುಡುಕಿದೆ. ನಮ್ಮ ಜಿಲ್ಲೆ ಮುಂಬೈ ಬಿಟ್ಟು ಮೈಸೂರಿಗೆ ಸೇರಿದ ಹೊಸತರಲ್ಲಿ, ಮಾಸ್ತರರು ಊರ ಹಾಡು ಬರೆದು ತರಲು ಹೇಳಿದ್ದರು. ನಾನು ಬೀರಮ್ಮನ ಬಳಿ ಕೂತು, ಒಂದೊಂದು ಸಾಲನ್ನು ಎರಡೆರಡು ಸಲ ಹೇಳಿಸಿ ಬರೆದುಕೊಂಡಿದ್ದೆ. ಆ ಪಟ್ಟಿ ಪುಸ್ತಕ ಸಿಕ್ಕಿತು. ನನ್ನದೇ ಅಕ್ಷರ, ಏಳು ಹೆಸರು. ಏಳನೆಯವನು ಸುಬ್ಬ. ಅವನೂ ಕಂಬ ಹೊತ್ತು ಬಾಗಿಲಿಗೆ ಬಂದಿದ್ದ. ಕೊಡಲಿಯ ಮಾತೇ ಇಲ್ಲ. ಓದುತ್ತಿದ್ದಾಗಲೂ ಕಿವಿಯಲ್ಲಿ ಆ ನಡುಗುವ ದನಿ ನಿಲ್ಲಲಿಲ್ಲ. ಕಣ್ಣು ಒಂದು ಹೇಳುತ್ತಿತ್ತು, ಕಿವಿ ಇನ್ನೊಂದು. ನಾನು ನಂಬಿದ್ದು ಕಿವಿಯನ್ನು ಎಂದು ಒಪ್ಪಿಕೊಳ್ಳಲು ಇವತ್ತಿಗೂ ನಾಚಿಕೆಯಾಗುತ್ತದೆ.

ಮರುದಿನ ಬಾವಿಕಟ್ಟೆಯಲ್ಲಿ ನಿಂತು ಗಟ್ಟಿಯಾಗಿ ಓದಿದೆ. ಹೆಂಗಸರು ಕೊನೆಯವರೆಗೂ ಕೇಳಿದರು. ಮಂಕಾಳಿ ನನ್ನ ಕಡೆ ಕನಿಕರದಿಂದ ನೋಡಿ, ‘ಸಣ್ಣವ ಇದ್ದೆ, ಹೆದ್ರಿ ಆ ಸಾಲು ಬಿಟ್ಟು ಬರ್ದಿದ್ದೆ’ ಎಂದಳು. ಪಟ್ಟಿಯನ್ನು ಶಿರಾಲಿಗೂ ಒಯ್ದೆ. ಬೀಗರು ಅದನ್ನು ಕೈಯಲ್ಲಿ ಹಿಡಿಯಲಿಲ್ಲ.

ನಾಗಿಯ ಮದುವೆ ನಡೆಯಿತು. ಚಪ್ಪರದಲ್ಲಿ ಹೊನ್ನಾವರದಿಂದ ತರಿಸಿದ ಗ್ರಾಮಫೋನು ಹಾಡಿತು. ಬೀರಮ್ಮ ಹಿತ್ತಲಿನ ಬಚ್ಚಲ ಒಲೆಯ ಮುಂದೆ ಕೂತು ದಿಬ್ಬಣಕ್ಕೆ ನೀರು ಕಾಯಿಸಿದಳು.

ಆ ಮಳೆಗಾಲದಲ್ಲಿ ಅವಳು ತೀರಿಕೊಂಡಳು. ಅದಕ್ಕೆ ನಾಲ್ಕು ದಿನ ಮೊದಲು ಹೇಳಿಕಳಿಸಿದಳೆಂದು ಹೋಗಿದ್ದೆ. ಚಾಪೆಯ ಮೇಲೆ ಗೋಡೆಗೊರಗಿ ಕೂತಿದ್ದಳು, ಮಾತು ಸ್ಪಷ್ಟವಾಗಿತ್ತು.

‘ಆ ಪುಸ್ತಕ ತಂದ್ಯ? ಓದು. ನನ್ನ ಹಾಡು ನಾ ಒಂದ್ಸಲ ಸರಿಯಾಗಿ ಕೇಳ್ಬೇಕು.’

ಓದಿದೆ. ದೊಡ್ಡ ಬಂದ, ಬೊಮ್ಮ ಬಂದ, ಮಂಜ ಬಂದ. ಒಂದೊಂದು ಹೆಸರಿಗೂ ಅವಳ ತುಟಿ ನನ್ನ ಜೊತೆಗೇ ಅಲುಗುತ್ತಿತ್ತು. ಗಿಡ್ಡ ಬಂದ, ಹೊನ್ನ ಬಂದ, ಸೋಮ ಬಂದ. ನನಗೆ ಧೈರ್ಯ ಬಂತು, ದನಿ ಎತ್ತರಿಸಿದೆ. ಸುಬ್ಬ ಬಂದ.

ತುಟಿ ನಿಂತಿತ್ತು. ಅವಳು ಬಾಗಿಲ ಕಡೆ ನೋಡಿದಳು, ಆಮೇಲೆ ನನ್ನ ಕಡೆ.

‘ಈ ಸುಬ್ಬ ಯಾರು, ತಮಾ?’