ರಂಗೂಬಾಯಿ ಒಪ್ಪಿದ ಖೋಲಿ

ಯಾದಗಿರಿ ಕಡೆಯ ರಂಗೂಬಾಯಿ ಹದಿನಾಲ್ಕು ವರ್ಷಗಳಲ್ಲಿ ಪುಣೆಯೊಳಗೆ ಹನ್ನೊಂದು ಕಟ್ಟಡ ಕಟ್ಟಿದ್ದಳು. ಕಟ್ಟಿದವರು ಬೇರೆ ಯಾರೋ ಎಂದು ಬೋರ್ಡಿನ ಮೇಲೆ ಬರೆದಿರುತ್ತಿತ್ತು. ಅವಳಿಗೆ ಓದಲು ಬಾರದ ಕಾರಣ ಆ ಬಗ್ಗೆ ತಕರಾರಿರಲಿಲ್ಲ. ಬುಟ್ಟಿ ಹೊತ್ತು ಹೊತ್ತು ಅವಳ ಕಣ್ಣು ಎಂಜಿನಿಯರರ ಕಣ್ಣಿಗಿಂತ ಹರಿತವಾಗಿತ್ತು. ಹಸಿ ಗಾರೆಯ ಬಣ್ಣ ನೋಡಿಯೇ ಸಿಮೆಂಟು ಎಷ್ಟು ಬಿದ್ದಿದೆ, ಎಷ್ಟು ಕದ್ದಿದ್ದಾರೆ ಎಂದು ಹೇಳುತ್ತಿದ್ದಳು. ಗಂಡ ಲಾಲಪ್ಪ ಗಾರೆ ಕೆಲಸದ ಒಳ್ಳೆಯ ಗೌಂಡಿ. ತನ್ನ ಪಾಲಿನ ಮಾತನ್ನೂ ಹೆಂಡತಿಗೇ ಬಿಟ್ಟುಕೊಟ್ಟು, ಎಲ್ಲದಕ್ಕೂ "ಹೂಂ" ಎಂದು ನೆಮ್ಮದಿಯಾಗಿದ್ದ.

ಇಷ್ಟೆಲ್ಲ ಕಟ್ಟಿದವರ ವಾಸ ಮಾತ್ರ ಕೆಲಸದ ಜಾಗದ ತಗಡಿನ ಶೆಡ್ಡಿನಲ್ಲಿ. ಕಟ್ಟಡ ಮುಗಿದರೆ ಶೆಡ್ಡೂ ಮುಗಿಯುತ್ತಿತ್ತು. ಹೀಗೆ ಊರೆಲ್ಲ ತಿರುಗಿ ಮಗಳು ಆರತಿ ಮೂರು ಶಾಲೆ ಕಂಡು, ನಾಲ್ಕನೇ ಇಯತ್ತೆಯನ್ನು ಎರಡು ಸಲ ಓದಿದ್ದಳು.

೧೯೯೮ರ ಬೇಸಿಗೆಯಲ್ಲಿ ಕೊಂಢವಾ ಬಡಾವಣೆಯ ಕೆಲಸ ಮುಗಿಯಿತು. "ಹದಿನೈದು ದಿನದಾಗ ಜಾಗಾ ಖಾಲಿ ಮಾಡ್ರಿ" ಎಂದು ಕೂಲಿಯಾಳುಗಳ ಮುಕಾದಮ ಹೇಳಿ ಹೋದ. ಮುಂದಿನ ಕೆಲಸ ಗೊತ್ತಾಗಿರಲಿಲ್ಲ. ಬಾಡಿಗೆಗೆ ಒಂದು ಕೋಣೆಯ ಖೋಲಿ ಹಿಡಿಯೋಣವೆಂದರೆ ಎಲ್ಲರೂ ಮೊದಲು ಡಿಪಾಝಿಟ್ ಕೇಳುತ್ತಿದ್ದರು. ತಿಂಗಳ ಬಾಡಿಗೆ ದುಡಿದು ಕೊಡಬಹುದು. ಒಂದೇ ಗಂಟಿನಲ್ಲಿ ಅಷ್ಟು ಹಣ ಎಲ್ಲಿಂದ ತರುವುದು? ಉಳಿದದ್ದು ರಸ್ತೆಯ ಬದಿ.

ಆಗ ಶೆಡ್ಡಿಗೆ ಬಂದವಳು ನೀತಾ. ಬೆಳಗಾವಿಯ ಹುಡುಗಿ, ಪುಣೆಯದೇ ಯೆರವಡಾ ಭಾಗದ ಮಹಿಳಾ ಸಂಸ್ಥೆಯೊಂದರಲ್ಲಿ ಕೆಲಸ. ಮನೆ ತಪ್ಪುವ ಕುಟುಂಬಗಳಿಗಾಗಿ ಸಂಸ್ಥೆ ಒಂದು ನಿಧಿ ಇಟ್ಟಿತ್ತು. ಡಿಪಾಝಿಟ್ ಸಂಸ್ಥೆಯೇ ಮಾಲಕನಿಗೆ ಕೊಡುತ್ತದೆ, ಮೊದಲ ಮೂರು ತಿಂಗಳ ಅರ್ಧ ಬಾಡಿಗೆಯನ್ನೂ ಕಟ್ಟುತ್ತದೆ. ಕುಟುಂಬ ಮುಂದೆ ಖೋಲಿ ಬಿಟ್ಟಾಗ ಆ ಡಿಪಾಝಿಟ್ ವಾಪಸು ಬಂದು ಇನ್ನೊಬ್ಬರಿಗೆ ಹೋಗುತ್ತದೆ.

"ಪುಕ್ಕಟೆ ಯಾರ್ ಕೊಡ್ತಾರವ್ವಾ?" ಎಂದಳು ರಂಗೂಬಾಯಿ. "ಹಿಂದಿನಿಂದ ಏನ್ ಕೇಳ್ತೀರಿ ಈಗ ಹೇಳಿಬಿಡ್ರಿ."

"ಏನೂ ಕೇಳಂಗಿಲ್ರೀ. ಒಂದ್ ಖೋಲಿ ಒಪ್ಪಿಗೋರಿ, ಅಷ್ಟ ಸಾಕು."

ಅಷ್ಟೇ ಸಾಕು ಎಂದು ಹೇಳಿದ್ದಕ್ಕೆ ನೀತಾ ಆಮೇಲೆ ಬಹಳ ಪಶ್ಚಾತ್ತಾಪಪಟ್ಟಳು.

ಮೊದಲ ಖೋಲಿಯಲ್ಲಿ ರಂಗೂಬಾಯಿ ತಲೆಯ ಪಿನ್ನು ತೆಗೆದು ಗೋಡೆಯನ್ನು ಕೆರೆದಳು. ಮರಳು ಸುರಿಯಿತು. "ಇದು ಗ್ವಾಡಿ ಅಲ್ಲ, ರವಾ ಉಂಡಿ" ಎಂದಳು. ಮಾಲಕಳು ಬಾಗಿಲು ಹಾಕಿಕೊಂಡಳು. ಎರಡನೆಯದರಲ್ಲಿ ಚೊಂಬು ನೀರು ಚೆಲ್ಲಿ ನೋಡಿದಳು. ನೀರು ಹೊರಗೆ ಹೋಗುವ ಬದಲು ಒಲೆಯ ಕಡೆ ನಡೆಯಿತು. ಮೂರನೆಯದರ ಮಾಲಕ, "ಪಿಲ್ಲರ್ ಎಲ್ಲಿ?" ಎಂದು ಅವಳು ಕೇಳಿದ್ದಕ್ಕೇ ಕೋಪಗೊಂಡ. ಆರನೆಯ ಖೋಲಿಯಿಂದ ಹೊರಗೆ ಬಂದಾಗ ನೀತಾ ರಸ್ತೆಯಲ್ಲೇ ಕೈ ಮುಗಿದಳು.

"ರಂಗೂಬಾಯಿ, ನೀವು ಖೋಲಿ ಹುಡುಕ್ಲಿಕ್ಕೆ ಬಂದೀರೋ, ಬಿಲ್ಡಿಂಗ್ ಕೆಡವಲಿಕ್ಕೆ ಬಂದೀರೋ? ಇನ್ನ ನಾಕ್ ದಿನ ಉಳದಾವ್ರೀ!"

"ಗೊತ್ತದ. ಆದ್ರ ಕಣ್ಣ ಮುಚಗೊಂಡು ಹೆಂಗ ಹೂಂ ಅನ್ಲಿ?"

"ಹೂಂ" ಎಂದ ಲಾಲಪ್ಪ, ಅಭ್ಯಾಸಬಲದಿಂದ.

ಏಳನೆಯದು ಯೆರವಡಾದಲ್ಲಿ, ಭುಜಂಗರಾವ್ ಎಂಬ ಪಿಂಚಣಿದಾರರ ಮನೆಯ ಹಿಂಬದಿಯ ಖೋಲಿ. ಗೋಡೆ ಗಟ್ಟಿ, ನಳ ಹತ್ತಿರ, ಮಹಾನಗರಪಾಲಿಕೆಯ ಶಾಲೆ ಎರಡು ಗಲ್ಲಿ ಆಚೆ. ನೀತಾ ಉಸಿರು ಬಿಗಿ ಹಿಡಿದು ನಿಂತಳು. ರಂಗೂಬಾಯಿ ತಲೆ ಎತ್ತಿ ಮಾಳಿಗೆಯ ಅಡಿಭಾಗ ನೋಡಿದಳು.

"ಇದು ಮಳಿಗಾಲದಾಗ ಸೋರ್ತದ."

ಭುಜಂಗರಾವ್, ಮೊನ್ನೆಯಷ್ಟೇ ಬಣ್ಣ ಹೊಡೆಸಿದ್ದೇನೆ ಎಂದು ಮರಾಠಿಯಲ್ಲಿ ರೇಗಿದರು.

"ಅದಕ್ಕ ಹೇಳಿದ್ದು. ನಡೂ ಮಾಳಿಗಿಗಿ ಅಷ್ಟ ಎರಡು ಸರ್ತಿ ಬಣ್ಣ ಹಚ್ಚಿಸೀರಲ್ಲ, ಏನ ಮುಚ್ಚಲಿಕ್ಕ?"

ಇದನ್ನು ಅವಳು ಕಟ್ಟಡದ ಕೆಲಸದಲ್ಲಿ ಕಲಿತ ತನ್ನ ಮರಾಠಿಯಲ್ಲಿ ಹೇಳಿ, ಉತ್ತರಕ್ಕೆ ಕಾಯದೆ ಮೇಲೆ ಹತ್ತಿದಳು. ನೀರಿನ ಟಾಕಿಯ ಬುಡದಲ್ಲಿ ಕೂದಲೆಳೆಯಂಥ ಬಿರುಕು ಅವಳನ್ನೇ ಕಾಯುತ್ತಿದ್ದಂತೆ ಸಿಕ್ಕಿತು. ಮುದುಕರು ಸೋತುಹೋದರು. ಪ್ರತಿ ಜುಲೈ ತಿಂಗಳಲ್ಲೂ ಬಾಡಿಗೆದಾರರು ಓಡಿಹೋಗುತ್ತಿದ್ದುದನ್ನೂ, ಇಬ್ಬರು ರಿಪೇರಿಯವರು ತಮ್ಮನ್ನು ನುಣ್ಣಗೆ ಬೋಳಿಸಿದ್ದನ್ನೂ ಒಪ್ಪಿಕೊಂಡರು.

"ಸಾಮಾನ ನೀವ್ ತರಸ್ರಿ, ಕೈಕೆಲಸ ನಮ್ದು," ಎಂದಳು ರಂಗೂಬಾಯಿ. "ಖೋಲಿ ನನಗ ಪಸಂದ ಆಗ್ಯದ."

"ಹೂಂ" ಎಂದ ಲಾಲಪ್ಪ. ಈ ಸಲ ನೀತಾ ಅವನಿಗಿಂತ ಜೋರಾಗಿ ಹೂಂ ಎಂದಳು.

ಜೂನ್ ತಿಂಗಳ ಮೊದಲ ದೊಡ್ಡ ಮಳೆಗೆ ಭುಜಂಗರಾವ್ ಬಕೆಟ್ ಹಿಡಿದು ಬಂದು ಖೋಲಿಯ ನಡುವೆ ಕುರ್ಚಿ ಹಾಕಿ ಕೂತರು. ಎರಡು ತಾಸು ಕೂತರು. ಎರಡು ಕಪ್ ಚಹಾ ಕುಡಿದರು. ಒಂದು ಹನಿಯೂ ಬೀಳಲಿಲ್ಲ.

"ಬಕೆಟ್ ತುಂಬಬೇಕಂದ್ರ ನಳದ ಬುಡಕ ಇಡ್ರಿ, ಮಾಮಾ" ಎಂದಳು ರಂಗೂಬಾಯಿ.

ಆರತಿ ಯೆರವಡಾದ ಶಾಲೆಗೆ ಸೇರಿದಳು. ಲಾಲಪ್ಪನಿಗೆ ಅಲ್ಲಲ್ಲಿ ರಿಪೇರಿ ಕೆಲಸ ಸಿಗತೊಡಗಿ, ನಾಲ್ಕನೆಯ ತಿಂಗಳಿನಿಂದ ಪೂರ್ತಿ ಬಾಡಿಗೆಯನ್ನು ತಾವೇ ಕಟ್ಟಿದರು.

ಆ ಮಳೆಗಾಲ ನೀತಾಳಿಗೆ ಮಾತ್ರ ಕೆಟ್ಟದ್ದಾಗಿತ್ತು. ಅವಳು ಹಿಡಿಸಿಕೊಟ್ಟಿದ್ದ ಬೇರೆ ಎರಡು ಖೋಲಿಗಳಲ್ಲಿ ನೀರು ನುಗ್ಗಿ, ಕುಟುಂಬಗಳು ಮತ್ತೆ ಬೀದಿಗೆ ಬಂದಿದ್ದವು. ಮಾಲಕರು ಡಿಪಾಝಿಟ್ ಕೊಡಲು ಸತಾಯಿಸುತ್ತಿದ್ದರು. ಒಂದು ಮಧ್ಯಾಹ್ನ ಅವಳು ಬಂದು ರಂಗೂಬಾಯಿಯ ಹೊಸ್ತಿಲ ಮೇಲೆ ಕುಸಿದಳು.

"ನಿಮ್ಮ ಪಿನ್ನು ತಗೊಂಡು ನಮ್ಮ ಜೋಡಿ ಬರ್ರೀ. ನೀವು ಪಾಸ್ ಮಾಡಿದ ಖೋಲಿಗಷ್ಟ ರೊಕ್ಕಾ ಕೊಡೂದು ಅಂತ ಕಮಿಟಿಯವರು ಹೇಳ್ಯಾರ."

ಹೀಗೆ ರಂಗೂಬಾಯಿಗೆ ವಾರಕ್ಕೆರಡು ದಿನದ ಕೆಲಸವಾಯಿತು, ಸಣ್ಣ ಸಂಬಳವೂ ಬಂತು. ಅವಳು ಬರುವ ಸುದ್ದಿ ಸಿಕ್ಕರೆ ಗಲ್ಲಿಯ ಮಾಲಕರು ಹಿಂದಿನ ದಿನವೇ ಬಿರುಕು ತುಂಬಿಸುತ್ತಿದ್ದರು. ಒಬ್ಬನಂತೂ ಅವಳ ಮುಂದೆ ಮಗಳನ್ನು ವರನ ಕಡೆಯವರಿಗೆ ತೋರಿಸುವ ತಂದೆಯ ಹಾಗೆ ಕೈ ಹೊಸೆಯುತ್ತ ನಿಂತ.

ಮೂರು ವರ್ಷ ಇದು ಚೆನ್ನಾಗಿ ನಡೆಯಿತು. ಆಮೇಲೆ ಕಾಶವ್ವ ಬಂದಳು. ಗಂಡ ಸತ್ತು ಎರಡು ತಿಂಗಳಾಗಿತ್ತು. ಭಾವಂದಿರು ಮನೆಯಿಂದ ಹೊರಹಾಕಿದ್ದರು. ಇಬ್ಬರು ಸಣ್ಣ ಮಕ್ಕಳೊಂದಿಗೆ ಬಸ್ ಸ್ಟಾಪಿನಲ್ಲಿದ್ದಳು. ಅವಳ ದುಡಿಮೆಗೆ ಎಟುಕುವ ಖೋಲಿ ಸಿಕ್ಕಿದ್ದು ಒಂದೇ. ರಂಗೂಬಾಯಿ ಗೋಡೆ ಕೆರೆದಳು, ತಲೆಯಲ್ಲಾಡಿಸಿದಳು. "ಪಾಸ್ ಇಲ್ಲ."

ಕಾಶವ್ವ ಜಗಳವಾಡಲಿಲ್ಲ. "ಅಕ್ಕಾ, ಬಸ್ ಸ್ಟಾಪಿನ ಗ್ವಾಡಿ ನೋಡೀರೇನ?" ಎಂದಳು. "ಅದಕ್ಕ ಗ್ವಾಡೀನ ಇಲ್ಲ."

ರಂಗೂಬಾಯಿ ಪಿನ್ನನ್ನು ಮತ್ತೆ ತಲೆಗೆ ಸಿಕ್ಕಿಸಿಕೊಂಡಳು. ತಗಡಿನ ಶೆಡ್ಡಿನಲ್ಲಿ ಉಳಿದಿದ್ದ ನಾಲ್ಕು ದಿನಗಳನ್ನು ತಾನು ಎಷ್ಟು ಧಿಮಾಕಿನಿಂದ ಕಳೆದಿದ್ದೆ ಎಂದು ಮೊದಲ ಬಾರಿ ಅನ್ನಿಸಿತು. ಖೋಲಿ ಪಾಸ್ ಎಂಬ ಸಂಸ್ಥೆಯ ಕಾಗದದ ಮೇಲೆ ಹೆಬ್ಬೆಟ್ಟು ಒತ್ತಿದಳು. ಭಾನುವಾರ ಗಂಡನನ್ನು ಎಳೆದುಕೊಂಡು ಹೋಗಿ, ಕಾಶವ್ವನ ಮಕ್ಕಳಿಂದ ಮರಳು ಜರಡಿ ಹಿಡಿಸಿ, ಸಂಜೆಯೊಳಗೆ ಗೋಡೆಗೆ ಗಾರೆ ಬಳಿದು ಹೊಸ ಗಿಲಾಯಿ ಮುಗಿಸಿದಳು. ಮಕ್ಕಳು ಹಸಿ ಗೋಡೆಯ ಮೇಲೆ ಕೈ ಒತ್ತಿ ನಾಲ್ಕು ಗುರುತು ಮೂಡಿಸಿದವು. ಲಾಲಪ್ಪ ಅವನ್ನು ಒರೆಸಲು ಹೋದಾಗ ರಂಗೂಬಾಯಿ ಬೇಡವೆಂದಳು.

ಮುಂದಿನ ಕಮಿಟಿ ಸಭೆಯಲ್ಲಿ ಅವಳು ಎದ್ದು ನಿಂತಳು. "ಡಿಪಾಝಿಟ್ ಒಂದ ಕೊಟ್ರ ಸಾಲೂದಿಲ್ರೀ. ಪಾಸ್ ಆಗದ ಖೋಲಿಗಿ ಎರಡು ಚೀಲ ಸಿಮೆಂಟೂ ಕೊಡ್ರಿ. ಇಲ್ಲಾಂದ್ರ ಬಡವರಿಗಿ ಖೋಲೀನ ಸಿಗಂಗಿಲ್ಲ."

ಸಂಸ್ಥೆಯ ಅಧ್ಯಕ್ಷೆ ಹರಿಣಾಕ್ಷಿಬಾಯಿ ಕನ್ನಡಕ ಸರಿಪಡಿಸಿಕೊಂಡು, ಸಿಮೆಂಟು ನಿಧಿಯ ನಿಯಮದಲ್ಲಿ ಇಲ್ಲವಲ್ಲ ಎಂದರು. ನಿಯಮದಲ್ಲಿ ಬರೆದುಕೊಳ್ಳಿರಿ ಎಂದಳು ರಂಗೂಬಾಯಿ. ಚರ್ಚೆ ಒಂದು ತಾಸು ನಡೆದು, ನಿಯಮ ಬರೆದಾಯಿತು. ಕೈಕೆಲಸ ಯಾರು ಮಾಡುತ್ತಾರೆ ಎಂದು ಯಾರೋ ಕೇಳಿದರು.

ಬಾಗಿಲ ಬಳಿ ಚಪ್ಪಲಿ ಕಾಯುತ್ತ ನಿಂತಿದ್ದ ಲಾಲಪ್ಪನ ಕಡೆ ಇಡೀ ಸಭೆ ತಿರುಗಿ ನೋಡಿತು. ಹದಿನೇಳು ವರ್ಷಗಳಲ್ಲಿ ಮೊದಲ ಸಲ ಅವನು ಹೂಂ ಎನ್ನಲಿಲ್ಲ.

"ದಿನಗೂಲಿ ಎಷ್ಟ್ ಕೊಡ್ತೀರಿ?" ಎಂದು ಕೇಳಿದ.